ಮನೆಯಲ್ಲೇ ಆಫೀಸು: ಕೊಳ್ಳುವ ಮೊದಲು ಮೀಟರ್ ನೋಡಿ

ಮನೆಯಿಂದಲೇ ಕೆಲಸ ಅಂತ ಗೊತ್ತಾದ ಕೂಡಲೇ ಕೈ ಹೋಗುವುದು ಶಾಪಿಂಗ್ ಆ್ಯಪ್‌ಗೆ. ಬಿದಿರಿನ ಲ್ಯಾಪ್‌ಟಾಪ್ ಸ್ಟ್ಯಾಂಡ್, ಕಾರ್ಕ್ ಮ್ಯಾಟ್, ಹಸಿರು ಎಲೆ ಅಚ್ಚಾದ ಪೆನ್ ಸ್ಟ್ಯಾಂಡ್. ಎಲ್ಲ ಚೆನ್ನಾಗಿಯೇ ಕಾಣುತ್ತವೆ. ಆದರೆ ಮನೆಯಲ್ಲಿ ಗಟ್ಟಿಮುಟ್ಟಾದ ಮೇಜು ಇರುವಾಗ ಇನ್ನೊಂದು ತರಿಸಿಕೊಂಡರೆ ಪರಿಸರಕ್ಕೆ ಏನು ಉಪಕಾರ? ಮನೆ ತುಂಬ ರಟ್ಟು, ಥರ್ಮೋಕೋಲು ಅಷ್ಟೇ. ಹಾಗಾಗಿ ಇಲ್ಲಿ ಕೊಳ್ಳುವ ಬಾಬತ್ತು ಕಡಿಮೆ. ಜರುಗಿಸುವುದು, ಅಳೆಯುವುದು, ರಿಪೇರಿ ಮಾಡಿಸುವುದೇ ಜಾಸ್ತಿ.

1. ಮೊದಲು ಕಿಟಕಿ, ಆಮೇಲೆ ಮೇಜು

ಹಗಲು ಹೊತ್ತು ಲೈಟ್ ಹಾಕದೆ ಕೂರುವಂಥ ಜಾಗ ಹುಡುಕಿ. ಉತ್ತರದ ಕಿಟಕಿ ಇದ್ದರೆ ಒಳ್ಳೆಯದು, ವರ್ಷದ ಬಹುಪಾಲು ಬೆಳಕು ಬರುತ್ತದೆ, ಬಿಸಿಲು ಬರುವುದಿಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ವಾಲುತ್ತಾನೆ, ಮರಳಿ ಬರುವುದು ಆಗಸ್ಟ್ 18ರ ಹೊತ್ತಿಗೆ. ಆ ತಿಂಗಳುಗಳಲ್ಲಿ ಬೆಳಿಗ್ಗೆ, ಸಂಜೆ ಉತ್ತರದ ಕಿಟಕಿಗೂ ಸ್ವಲ್ಪ ಬಿಸಿಲು ತಾಗುತ್ತದೆ, ತೆಳು ಪರದೆ ಸಾಕು.

ಕಿಟಕಿ ಪಕ್ಕಕ್ಕಿರಲಿ. ಬೆನ್ನ ಹಿಂದಿದ್ದರೆ ಸ್ಕ್ರೀನ್ ಮೇಲೆ ಹೊಳಪು ಬೀಳುತ್ತದೆ, ಎದುರಿಗಿದ್ದರೆ ಕಣ್ಣು ಕುಕ್ಕುತ್ತದೆ. ಪಶ್ಚಿಮದ ಕಿಟಕಿ ಮಾತ್ರ ಇದ್ದರೆ ಬಿಸಿಲನ್ನು ಗಾಜಿನ ಹೊರಗೇ ತಡೆಯಬೇಕು. ಒಳಗಿನ ಪರದೆ ತಡೆಯುವಷ್ಟರಲ್ಲಿ ಶಾಖ ಕೋಣೆಯೊಳಗೆ ಬಂದಾಗಿರುತ್ತದೆ. ಹೊರಗಡೆ ಇಳಿಬಿಟ್ಟ ಬಿದಿರಿನ ಚಿಕ್ ಅಥವಾ ಬಾಲ್ಕನಿಗೆ ಹಬ್ಬಿಸಿದ ಬಳ್ಳಿ ದುಬಾರಿ ಕರ್ಟನ್‌ಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

2. ಮೀಟರ್ ಮುಂದೆ ಐದು ನಿಮಿಷ

ಯಾವ ವಸ್ತು ಎಷ್ಟು ಕರೆಂಟ್ ತಿನ್ನುತ್ತದೆ ಎಂದು ತಿಳಿಯಲು ಯಾವ ಯಂತ್ರವೂ ಬೇಡ. ನಿಮ್ಮ ಮನೆಯ ಡಿಜಿಟಲ್ ಮೀಟರ್‌ನಲ್ಲಿ ಒಂದು ಸಣ್ಣ ಕೆಂಪು ದೀಪ ಮಿನುಗುತ್ತಿರುತ್ತದೆ, ನೋಡಿದ್ದೀರಾ? ಅದರ ಹತ್ತಿರ ಇಂಗ್ಲಿಷಿನಲ್ಲಿ 1600 ಅಥವಾ 3200 ಅಂತ ಒಂದು ಸಂಖ್ಯೆ, ಮುಂದೆ 'ಇಂಪ್/ಕೆಡಬ್ಲ್ಯುಎಚ್' ಅಂತ ಇರುತ್ತದೆ. ದೀಪ ಅಷ್ಟು ಸಲ ಮಿನುಗಿದರೆ ಒಂದು ಯೂನಿಟ್ ಖರ್ಚಾಯಿತು ಎಂದು ಅರ್ಥ.

ಈಗ ಮನೆಯ ಎಲ್ಲ ಸ್ವಿಚ್ ಆಫ್ ಮಾಡಿ. ಫ್ರಿಜ್ ಮತ್ತು ಯುಪಿಎಸ್ ಮರೆಯಬೇಡಿ, ಅವೆರಡೂ ಸುಮ್ಮನೆ ಕೂರುವ ಜಾತಿಯಲ್ಲ. ಮಿನುಗುವುದು ನಿಂತ ಮೇಲೆ ಕೆಲಸದ ಕೋಣೆಯ ಫ್ಯಾನ್ ಒಂದನ್ನೇ ಹಾಕಿ ಎಣಿಸಿ. 3200ರ ಮೀಟರ್‌ನಲ್ಲಿ ನಿಮಿಷಕ್ಕೆ 4 ಸಲ ಮಿನುಗಿದರೆ ನಿಮ್ಮದು 75 ವ್ಯಾಟ್‌ನ ಮಾಮೂಲಿ ಫ್ಯಾನ್. ಕಡಿಮೆ ಕರೆಂಟ್ ತಿನ್ನುವ ಹೊಸ ಬಗೆಯ ಮೋಟಾರಿನ ಬಿಎಲ್‌ಡಿಸಿ ಫ್ಯಾನ್ ಆದರೆ ಐದು ನಿಮಿಷಕ್ಕೆ 8 ಸಲ ಮಿನುಗಿದರೆ ಹೆಚ್ಚು, ಅಂದರೆ ಸುಮಾರು 30 ವ್ಯಾಟ್. ಲೆಕ್ಕ ಇಷ್ಟೇ: ಒಂದು ನಿಮಿಷದ ಮಿನುಗನ್ನು 60ರಿಂದ ಗುಣಿಸಿ, ಮೀಟರ್ ಮೇಲಿನ ಸಂಖ್ಯೆಯಿಂದ ಭಾಗಿಸಿ, 1000ದಿಂದ ಗುಣಿಸಿ. ಬಂದದ್ದು ವ್ಯಾಟ್.

ಇದೇ ರೀತಿ ಲ್ಯಾಪ್‌ಟಾಪ್, ಮಾನಿಟರ್, ರೂಟರ್ ಒಂದೊಂದನ್ನೂ ಅಳೆದು ಬರೆದಿಡಿ. ಮಕ್ಕಳನ್ನು ಎಣಿಸಲು ನಿಲ್ಲಿಸಿದರೆ ಖುಷಿಯಿಂದ ಮಾಡುತ್ತಾರೆ. ಹತ್ತು ವ್ಯಾಟ್‌ನ ರೂಟರ್ ಹಗಲೂ ರಾತ್ರಿ ಉರಿದರೆ ತಿಂಗಳಿಗೆ 7 ಯೂನಿಟ್ ಆಗುತ್ತದೆ. ರಾತ್ರಿ ಅದನ್ನು ಆರಿಸುವುದಕ್ಕೆ ದುಡ್ಡೇನೂ ಖರ್ಚಿಲ್ಲ.

ಗೃಹಜ್ಯೋತಿ ಇರುವವರಿಗೆ ಈ ಪಟ್ಟಿ ಇನ್ನೂ ಮುಖ್ಯ. ಹಗಲಿಡೀ ಮನೆಯಲ್ಲಿದ್ದರೆ ಬಳಕೆ ಏರುವುದು ಸಹಜ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಿಮ್ಮ ಮೇಲೆಯೇ ಬೀಳುತ್ತದೆ.

3. ಗಾಳಿ, ತಂಪು

ಹಳೇ ಫ್ಯಾನ್ ಚೆನ್ನಾಗಿ ತಿರುಗುತ್ತಿದೆಯೇ? ಬರೀ ಆಫೀಸಿಗಾಗಿ ಅದನ್ನು ಕಿತ್ತೆಸೆಯುವ ಅವಸರ ಬೇಡ. ದಿನಕ್ಕೆ 10 ಗಂಟೆಯಂತೆ ತಿಂಗಳಿಗೆ 25 ದಿನ ಓಡಿಸಿದರೆ ಎರಡು ಬಗೆಯ ಫ್ಯಾನ್‌ಗಳ ನಡುವಿನ ವ್ಯತ್ಯಾಸ ಸುಮಾರು 11 ಯೂನಿಟ್. ಹೊಸ ಫ್ಯಾನ್‌ನ ಬೆಲೆ ಹುಟ್ಟಲು ವರ್ಷಗಳೇ ಬೇಕು. ಅದೇ ಕೋಣೆಯಲ್ಲಿ ರಾತ್ರಿಯೂ ಮಲಗುತ್ತೀರಾದರೆ ಮಾತು ಬೇರೆ, ಆಗ ಬಿಎಲ್‌ಡಿಸಿ ಹಾಕಿಸಿ.

ಅದಕ್ಕಿಂತ ಮೊದಲು ರೆಗ್ಯುಲೇಟರ್ ನೋಡಿ. ಗೋಡೆ ಮೇಲಿನ ಹಳೇ ದಪ್ಪ ಡಬ್ಬಿಯಂಥದ್ದಾದರೆ, ಫ್ಯಾನ್ ಎರಡರಲ್ಲಿಟ್ಟು ಅರ್ಧ ಗಂಟೆ ಬಿಟ್ಟು ಮುಟ್ಟಿ. ಬೆಚ್ಚಗಿರುತ್ತದೆ. ಫ್ಯಾನ್ ನಿಧಾನ ಮಾಡಿ ನೀವು ಉಳಿಸಿದೆ ಅಂದುಕೊಂಡ ಕರೆಂಟ್‌ನಲ್ಲಿ ಒಂದಷ್ಟು ಅಲ್ಲಿ ಶಾಖವಾಗಿ ಹೋಗುತ್ತಿದೆ. ಎಲೆಕ್ಟ್ರಾನಿಕ್ ರೆಗ್ಯುಲೇಟರ್‌ಗೆ ಕೆಲವು ನೂರು ರೂಪಾಯಿ, ಎಲೆಕ್ಟ್ರಿಷಿಯನ್‌ಗೆ ಹತ್ತು ನಿಮಿಷದ ಕೆಲಸ. ಬಿಎಲ್‌ಡಿಸಿ ಫ್ಯಾನ್‌ಗೆ ಇದರ ಅಗತ್ಯವಿಲ್ಲ. ಹಳೇ ರೆಗ್ಯುಲೇಟರ್ ತೆಗೆಸಿಯೇ ಅದನ್ನು ಹಾಕಿಸಬೇಕು.

ಕಲಬುರಗಿ, ರಾಯಚೂರಿನ ಒಣ ಸೆಕೆಗೆ ಏರ್ ಕೂಲರ್ ಸಾಕಾಗುತ್ತದೆ, ನೀರು ಚಿಮುಕಿಸಿದ ಲಾವಂಚದ ಪರದೆಯೂ ಆದೀತು. ಮಂಗಳೂರು, ಕಾರವಾರದಲ್ಲಿ ಈ ಉಪಾಯ ನಡೆಯದು. ಗಾಳಿಯಲ್ಲೇ ತೇವ ತುಂಬಿರುವಾಗ ಕೂಲರ್ ಬೆವರು ಹೆಚ್ಚಿಸುತ್ತದೆ. ಅಲ್ಲಿ ಎಸಿ ಬೇಕೇಬೇಕು ಅನ್ನಿಸಿದರೆ 26ಕ್ಕೆ ಇಟ್ಟು ಜೊತೆಗೆ ಫ್ಯಾನ್ ಹಾಕಿ. ಒಂದೊಂದು ಡಿಗ್ರಿ ಏರಿಸಿದಾಗಲೂ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂದು ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ.

4. ಕಂಪ್ಯೂಟರ್: ಹಳೆಯದೇ ಹಸಿರು

ಒಂದು ಲ್ಯಾಪ್‌ಟಾಪ್ ತನ್ನ ಆಯುಸ್ಸಿನಲ್ಲಿ ಮಾಡುವ ಇಂಗಾಲದ ಮಾಲಿನ್ಯದಲ್ಲಿ ದೊಡ್ಡ ಪಾಲು ಅದು ಕಾರ್ಖಾನೆಯಿಂದ ಹೊರಬರುವ ಮೊದಲೇ ಆಗಿಹೋಗಿರುತ್ತದೆ. ಹಾಗಾಗಿ ಕಡಿಮೆ ಕರೆಂಟ್ ಎಳೆಯುವ ಹೊಸ ಮಾಡೆಲ್ ಕೊಳ್ಳುವುದಕ್ಕಿಂತ ಇರುವುದನ್ನು ಇನ್ನೂ ಮೂರು ವರ್ಷ ಓಡಿಸುವುದೇ ಮೇಲು. ನಿಧಾನ ಆಗಿದೆಯೇ? ಹಾರ್ಡ್ ಡಿಸ್ಕ್ ತೆಗೆಸಿ ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿಸಿ, ಸಾಧ್ಯವಿದ್ದರೆ ರ‍್ಯಾಮ್ ಹೆಚ್ಚಿಸಿ. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ ಇದ್ದೇ ಇದೆ, ಬೇರೆ ಊರುಗಳಲ್ಲೂ ಇಂಥ ಕೆಲಸ ಮಾಡುವ ಒಬ್ಬರಾದರೂ ಇರುತ್ತಾರೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ನಿಂತಾಗ ಗಟ್ಟಿಮುಟ್ಟಾಗಿದ್ದ ಎಷ್ಟೋ ಯಂತ್ರಗಳಿಗೆ 'ಹಳತು' ಅಂತ ಹೆಸರು ಬಂತು. ಬರೆಯುವುದು, ಮೇಲ್, ಬ್ರೌಸರ್ ಮಾತ್ರ ನಿಮ್ಮ ಕೆಲಸವಾಗಿದ್ದರೆ ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಕೊಳ್ಳಿ, ಕನ್ನಡ ಟೈಪಿಂಗ್ ಅದರಲ್ಲೂ ಸಲೀಸು. ಕಂಪನಿ ಕೊಟ್ಟ ಲ್ಯಾಪ್‌ಟಾಪ್ ಆದರೆ ಈ ಪ್ರಯೋಗಕ್ಕೆ ಕೈ ಹಾಕಬೇಡಿ.

ಸ್ಕ್ರೀನ್‌ಸೇವರ್ ಏನನ್ನೂ ಉಳಿಸುವುದಿಲ್ಲ. ಐದು ನಿಮಿಷಕ್ಕೆ ಸ್ಕ್ರೀನ್ ಆರಿಹೋಗುವಂತೆ ಸೆಟ್ ಮಾಡಿ.

5. ಕರೆಂಟ್ ಹೋದಾಗ

ಮನೆ ಆಫೀಸು ಅಂದ ಕೂಡಲೇ ದೊಡ್ಡ ಇನ್ವರ್ಟರ್, ಸೀಸದ ಬ್ಯಾಟರಿ ತರುವವರು ಬಹಳ. ಲ್ಯಾಪ್‌ಟಾಪ್‌ನಲ್ಲೇ ಬ್ಯಾಟರಿ ಇದೆ, ಅಲ್ವಾ? ನಿಂತುಹೋಗುವುದು ರೂಟರ್ ಒಂದೇ. ಅದಕ್ಕೆಂದೇ ಅಂಗೈಯಗಲದ ಮಿನಿ ಯುಪಿಎಸ್ ಸಿಗುತ್ತದೆ. ಕೊಳ್ಳುವ ಮೊದಲು ರೂಟರ್‌ನ ಅಡಾಪ್ಟರ್ ಹಿಂಭಾಗದ ಇರುವೆಯಷ್ಟು ಅಕ್ಷರ ಓದಿ. ಔಟ್‌ಪುಟ್ ಅನ್ನುವಲ್ಲಿ 12 ವೋಲ್ಟ್ ಅಥವಾ 9 ವೋಲ್ಟ್, ಎಷ್ಟು ಆ್ಯಂಪಿಯರ್ ಅಂತ ಇರುತ್ತದೆ. ವೋಲ್ಟ್ ತಪ್ಪಿದರೆ ರೂಟರ್ ಸುಟ್ಟೀತು.

ಸ್ವಂತ ಮನೆ, ಸ್ವಂತ ತಾರಸಿ ಇದ್ದರೆ ಸೋಲಾರ್ ಲೆಕ್ಕ ಹಾಕಬಹುದು. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಮತ್ತು ಮೇಲಿನದ್ದಕ್ಕೆ 78,000 ರೂಪಾಯಿವರೆಗೆ ಸಬ್ಸಿಡಿ ಇದೆ. ಬ್ಯಾಟರಿ ಇಲ್ಲದೆ ಬೀದಿಯ ವಿದ್ಯುತ್ ಲೈನಿಗೆ ಜೋಡಿಸಿದ ಗ್ರಿಡ್ ಸೋಲಾರ್, ಕರೆಂಟ್ ಹೋದಾಗ ತಾನೂ ನಿಂತುಬಿಡುತ್ತದೆ, ಅದು ತಿಳಿದಿರಲಿ.

6. ಕುರ್ಚಿ, ಗಿಡ, ಕಾಗದ

ದುಡ್ಡು ಹಾಕುವುದಿದ್ದರೆ ಕುರ್ಚಿಗೆ ಹಾಕಿ, ಅದೂ ಸೆಕೆಂಡ್ ಹ್ಯಾಂಡ್. ಆಫೀಸುಗಳು ಜಾಗ ಖಾಲಿ ಮಾಡುವಾಗ ಒಳ್ಳೊಳ್ಳೆ ಕುರ್ಚಿಗಳು ಹಳೇ ಪೀಠೋಪಕರಣದ ಅಂಗಡಿಗೆ ಬರುತ್ತವೆ. ಹತ್ತು ನಿಮಿಷ ಕೂತು ನೋಡಿ. ಸೀಟು ತಾನಾಗಿ ಇಳಿದರೆ ಅದನ್ನು ಎತ್ತಿ ಹಿಡಿಯುವ ಕೊಳವೆಯ ಗ್ಯಾಸ್ ಹೋಗಿದೆ, ಅದಕ್ಕೆ ತಕ್ಕಂತೆ ಚೌಕಾಸಿ ಮಾಡಿ.

ಮನಿ ಪ್ಲಾಂಟ್ ಇಡಿ, ಕಣ್ಣಿಗೆ ಹಿತ. ಗಾಳಿ ಶುದ್ಧ ಮಾಡುತ್ತದೆ ಅಂತ ಮಾತ್ರ ನಂಬಬೇಡಿ. ಆ ನಂಬಿಕೆಗೆ ಆಧಾರವಾದ 1989ರ ನಾಸಾ ಪ್ರಯೋಗ ನಡೆದದ್ದು ಗಾಳಿಯಾಡದ ಪೆಟ್ಟಿಗೆಯೊಳಗೆ. ನಿಮ್ಮ ಕೋಣೆಗೆ ಕಿಟಕಿ ತೆರೆದರಾಯಿತು.

ಪ್ರಿಂಟರ್ ಬೇಡವೇ ಬೇಡ. ತಿಂಗಳಿಗೆ ನಾಲ್ಕು ಹಾಳೆಗೆ ಬೀದಿ ಕೊನೆಯ ಜೆರಾಕ್ಸ್ ಅಂಗಡಿ ಸಾಕು.

7. ಹಾಳಾದದ್ದು ಎಲ್ಲಿಗೆ?

ಸತ್ತ ಮೌಸ್, ತುಂಡಾದ ಚಾರ್ಜರ್‌ಗೆ ಒಂದು ಹಳೇ ಶೂ ಡಬ್ಬ ಇಡಿ. ಇವು ಒಣ ಕಸದ ಚೀಲಕ್ಕೆ ಹೋಗಬಾರದು. ತುಂಬಿದಾಗ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಇ-ತ್ಯಾಜ್ಯ ಸಂಸ್ಥೆಗೆ ಕೊಡಿ, ಅಥವಾ ತಯಾರಕರು ಹಳೆಯದನ್ನು ವಾಪಸ್ ಪಡೆಯುವ ವ್ಯವಸ್ಥೆ ಇಟ್ಟಿದ್ದರೆ ಅವರಿಗೇ ಒಪ್ಪಿಸಿ. ಉಬ್ಬಿದ ಬ್ಯಾಟರಿಯನ್ನು ಡಬ್ಬಕ್ಕೂ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ. ಬೆಂಕಿ ಹತ್ತುವ ವಸ್ತುಗಳಿಂದ ದೂರವಿಟ್ಟು, ಆದಷ್ಟು ಬೇಗ ಸರ್ವಿಸ್ ಸೆಂಟರ್‌ಗೆ ಮುಟ್ಟಿಸಿ.