ಅಮ್ಮನ ಹಾಡಿನ ಹಿಂದಿದ್ದ ಗುಂಯ್ ಸದ್ದು ಹೋದದ್ದು ಹೀಗೆ

ಅಮ್ಮನ ದೇವರನಾಮಗಳನ್ನು ಮನೆಯಲ್ಲೇ ರೆಕಾರ್ಡ್ ಮಾಡಬೇಕು ಅಂತ ಬಹಳ ದಿನದ ಆಸೆ. ಮೊದಲ ದಿನ ಹೆಡ್‌ಫೋನ್ ಹಾಕಿ ಕೇಳಿದರೆ, ಅವರು ಉಸಿರು ತೆಗೆದುಕೊಳ್ಳುವ ಕಡೆಯೆಲ್ಲ ಕಂಪ್ಯೂಟರಿನ ಗುಂಯ್ ಸದ್ದು. ತುಂಬಾ ಬೇಜಾರಾಯಿತು.

ಸದ್ದು ತೆಗೆಯುವ ಸಾಫ್ಟ್‌ವೇರ್ ಹಾಕಿ ನೋಡಿದೆ. ಗಮಕಗಳೆಲ್ಲ ನೀರಿನೊಳಗಿಂದ ಬಂದ ಹಾಗೆ ಕೇಳಿಸಿದವು. ಸದ್ದನ್ನು ಹುಟ್ಟುವ ಕಡೆಯೇ ಹಿಡಿಯಬೇಕು, ಅಲ್ವಾ?

ಸಿಪಿಯು ಡಬ್ಬದ ಮೇಲೆ ಅಂಗೈ ಇಟ್ಟೆ. ಸಣ್ಣಗೆ ನಡುಗುತ್ತಿತ್ತು. ಒಳಗಿದ್ದ ಹಳೆಯ ಹಾರ್ಡ್ ಡಿಸ್ಕ್ ನಿಮಿಷಕ್ಕೆ 7200 ಸುತ್ತು ತಿರುಗುವಂಥದ್ದು, ಅಂದರೆ ಸೆಕೆಂಡಿಗೆ 120. ಆ ನಡುಕ ಮರದ ಮೇಜಿಗೆ ಇಳಿದು, ಅದೇ ಮೇಜಿನ ಮೇಲಿದ್ದ ಮೈಕ್ ಸ್ಟ್ಯಾಂಡಿಗೆ ಹತ್ತುತ್ತಿತ್ತು. ಡಿಸ್ಕ್ ತೆಗೆದು, ಮಾಹಿತಿಯನ್ನು ಚಿಪ್‌ಗಳಲ್ಲೇ ಇಡುವ ಎಸ್‌ಎಸ್‌ಡಿ ಹಾಕಿದೆ. ಅದರಲ್ಲಿ ತಿರುಗುವ ಭಾಗವೇ ಇಲ್ಲ. ಅರ್ಧ ತೊಂದರೆ ಅಲ್ಲಿಗೇ ಮುಗಿಯಿತು.

ಆಮೇಲೆ ಫ್ಯಾನ್. ಬ್ರಷ್ಷಿನಿಂದ ಧೂಳು ತೆಗೆದೆ. 80 ಮಿ.ಮೀ. ಫ್ಯಾನ್ ಬಿಟ್ಟು 120 ಮಿ.ಮೀ.ನದು ಕೂರಿಸಿದೆ. ದೊಡ್ಡದು ನಿಧಾನವಾಗಿ ತಿರುಗಿದರೂ ಸಾಕಷ್ಟು ಗಾಳಿ ಕೊಡುತ್ತದೆ. ಡಬ್ಬವನ್ನು ನೆಲಕ್ಕಿಳಿಸಿ, ಅಡಿಗೆ ಹಳೆಯ ಯೋಗ ಮ್ಯಾಟಿನ ತುಂಡು ಹಾಕಿದೆ. ಕಪಾಟಿನೊಳಗೆ ಮಾತ್ರ ಮುಚ್ಚಿಡಬೇಡಿ. ಬಿಸಿ ಜಾಸ್ತಿಯಾಗಿ ಫ್ಯಾನ್ ಇನ್ನೂ ಜೋರಾಗುತ್ತದೆ.

ಕೊನೆಗೆ, ದುಡ್ಡು ಬೇಡದ ಕೆಲಸ. ನನ್ನದು ಕಾರ್ಡಿಯಾಯ್ಡ್ ಮೈಕ್, ಅಂದರೆ ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವಂಥದ್ದು. ಅದಕ್ಕೆ ಬೆನ್ನ ಕಡೆಯ ಸದ್ದು ಬಹಳ ಕಡಿಮೆ ಕೇಳಿಸುತ್ತದೆ. ಅದರ ಬೆನ್ನನ್ನು ಕಂಪ್ಯೂಟರ್ ಕಡೆ ತಿರುಗಿಸಿದೆ. ಇದನ್ನೇ ಮೊದಲು ಮಾಡಿ ನೋಡಿ.

ನಿನ್ನೆ ರಾತ್ರಿ ಪಲ್ಲವಿ ಮುಗಿದ ಮೇಲೆ ಹೆಡ್‌ಫೋನಿನಲ್ಲಿ ತಂಬೂರಿ ಮಾತ್ರ ಉಳಿದಿತ್ತು. "ಇನ್ನೊಂದು ಹಾಡ್ಲಾ?" ಅಂದರು ಅಮ್ಮ.