ಚಳಿಗಾಲದಲ್ಲಿ ಕೋಳಿ ಶೆಡ್ಡಿಗೆ ಫ್ಯಾನ್: ನನ್ನ ಅನುಭವ

ಡಿಸೆಂಬರ್‌ನಲ್ಲಿ ಕೋಳಿ ಶೆಡ್ಡಿನೊಳಗೆ ಫ್ಯಾನ್ ತಿರುಗುತ್ತಿದ್ದರೆ ನೋಡಿದವರು ನಗುತ್ತಾರೆ. ನಗಲಿ. ನಮ್ಮ ಬೀದರಿನ ಥಂಡಿ ಎಂಥದ್ದು ಅಂತ ಇಲ್ಲಿ ಮರಿ ಸಾಕಿದವರಿಗೇ ಗೊತ್ತು. ಸಮುದ್ರ ಮಟ್ಟಕ್ಕಿಂತ 2,000 ಅಡಿಗೂ ಎತ್ತರದ ಬಯಲು ಇದು. ಬೆಳಗಿನ ಜಾವ 10 ಡಿಗ್ರಿಗಿಂತ ಕೆಳಗೆ ಇಳಿಯುವುದು ಹೊಸದೇನಲ್ಲ. ಒಂದು ದಿನದ ಮರಿಗೆ ಮೊದಲ ವಾರ ಬೇಕಾಗುವ ಕಾವು 32ರಿಂದ 34 ಡಿಗ್ರಿ. ಆಮೇಲೆ ವಾರಕ್ಕೆ ಸುಮಾರು ಮೂರು ಡಿಗ್ರಿಯಂತೆ ಇಳಿಸುತ್ತಾ ಹೋಗಬಹುದು.

ನನ್ನ ಶೆಡ್ಡು ಹುಮನಾಬಾದ್ ಕಡೆ ಇದೆ. ತಗಡಿನ ಮಾಡು, ನಡುವೆ 15 ಅಡಿ ಎತ್ತರ. ಬೇಸಿಗೆಗೆ ಬೇಕೆಂದೇ ಅಷ್ಟು ಎತ್ತರಿಸಿದ್ದು. ಚಳಿಗಾಲದಲ್ಲಿ ಅದೇ ಎತ್ತರ ಕಾಟ ಕೊಡುತ್ತದೆ. ಬುಖಾರಿಗೆ, ಅಂದರೆ ಶೆಡ್ಡಿಗೆ ಕಾವು ಕೊಡುವ ಒಲೆಗೆ, ಕಟ್ಟಿಗೆ, ತೊಗರಿ ಕಡ್ಡಿ ತುಂಬುತ್ತಲೇ ಇರುತ್ತಿದ್ದೆವು. ಆದರೂ ಮರಿಗಳು ಗುಂಪುಗೂಡಿ ಒಂದರ ಮೇಲೊಂದು ಹತ್ತುತ್ತಿದ್ದವು.

ಒಂದು ರಾತ್ರಿ ಒಂದೇ ಹಗ್ಗಕ್ಕೆ ಮೂರು ಥರ್ಮಾಮೀಟರ್ ಕಟ್ಟಿ ಇಳಿಬಿಟ್ಟೆ. ನೆಲಕ್ಕೆ ಹಾಸಿದ ಹೊಟ್ಟಿನಿಂದ ಒಂದು ಗೇಣು ಮೇಲೆ 26. ನನ್ನ ತಲೆಯ ಮಟ್ಟದಲ್ಲಿ 31. ತಗಡಿನ ಹತ್ತಿರ 39! ಮರಿಗಳು ಇರುವುದು ಕೆಳಗೆ, ಕಟ್ಟಿಗೆ ಸುಡುತ್ತಿದ್ದದ್ದು ತಗಡಿಗೆ. ಬಿಸಿ ಗಾಳಿ ಹಗುರ, ಮೇಲೇರುತ್ತದೆ. ಅದು ಶಾಲೆಯಲ್ಲೇ ಓದಿದ್ದು. ಆದರೆ ತಗಡಿನ ಒಳಗೆ ಬಿಸಿ ಹೆಚ್ಚಿದಷ್ಟೂ ಹೊರಗಿನ ಥಂಡಿಗೆ ಅದು ಬೇಗ ಸೋರಿಹೋಗುತ್ತದೆ ಅನ್ನುವುದು ಆವತ್ತು ಕಣ್ಣಿಗೆ ಕಂಡಿತು.

ನಮ್ಮಲ್ಲಿ ಹಲವರು ಬಿಸಿ ಮೇಲೇರದಂತೆ ಹಳೆ ಗೊಬ್ಬರದ ಚೀಲ ಹೊಲಿದು ಎಂಟು ಅಡಿ ಎತ್ತರಕ್ಕೆ ಅಡ್ಡ ಚಪ್ಪರ ಕಟ್ಟುತ್ತಾರೆ. ಮರಿ ಬಿಡುವ ಜಾಗ ಚಿಕ್ಕದಿದ್ದರೆ ಅಷ್ಟೇ ಸಾಕು, ಸುಮ್ನೆ ಫ್ಯಾನಿಗೆ ದುಡ್ಡು ಹಾಕಬೇಡಿ. ನನ್ನದು ಅಗಲ ಜಾಸ್ತಿ. ಚಪ್ಪರದ ಕೆಳಗೆ ಹಸಿ ನಿಂತು ಅಮೋನಿಯಾ ಮೂಗಿಗೆ ಹೊಡೆಯುತ್ತಿತ್ತು.

ಅದಕ್ಕೇ ಮೇಲಿನ ಬಿಸಿಯನ್ನು ಕೆಳಗಿಳಿಸಲು ಫ್ಯಾನ್ ಹಾಕಿಸಿದೆ. ಫ್ಯಾನ್ ಅಂದರೆ ಮನೆಯಲ್ಲಿರುವ ಮಾಮೂಲಿ 1200 ಮಿಲಿಮೀಟರಿನ ಸೀಲಿಂಗ್ ಫ್ಯಾನೇ. ಆದರೆ ಉಲ್ಟಾ ತಿರುಗಬೇಕು. ನೇರ ತಿರುಗಿದರೆ ಗಾಳಿ ಸೀದಾ ಮರಿಯ ಬೆನ್ನಿಗೆ ಬಡಿಯುತ್ತದೆ. 30 ಡಿಗ್ರಿ ಇದ್ದರೂ ಗಾಳಿ ಬಿದ್ದ ಮರಿಗೆ ಚಳಿಯೇ. ಉಲ್ಟಾ ತಿರುಗಿದರೆ ನಡುವಿನ ಗಾಳಿಯನ್ನು ಮೇಲಕ್ಕೆ ಎಳೆಯುತ್ತದೆ, ಅದು ತಗಡಿಗೆ ತಾಗಿ ಬಿಸಿ ಗಾಳಿಯನ್ನು ಬದಿಗೆ ದೂಡುತ್ತದೆ, ಆ ಬಿಸಿ ಶೆಡ್ಡಿನ ಬದಿಗೆ ಕಟ್ಟಿದ ಪರದೆಗುಂಟ ಮೆಲ್ಲಗೆ ಕೆಳಗಿಳಿಯುತ್ತದೆ. ಕೆಲವು ಬಿಎಲ್‌ಡಿಸಿ (ಬ್ರಷ್ ಇಲ್ಲದ ಮೋಟಾರಿನ, ಕಡಿಮೆ ಕರೆಂಟ್ ತಿನ್ನುವ) ಫ್ಯಾನುಗಳ ರಿಮೋಟಿನಲ್ಲೇ ಉಲ್ಟಾ ಬಟನ್ ಇರುತ್ತದೆ, 30 ವ್ಯಾಟ್ ಆಸುಪಾಸು ಕರೆಂಟ್ ಸಾಕು. ಹಳೆಯದಾದರೆ ಒಳಗಿನ ಒಂದು ಕಾಯಿಲಿನ ವೈರು ಅದಲುಬದಲು ಮಾಡಬೇಕು. ಅದನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಬುಖಾರಿಯ ಹೊಗೆ ಕೊಳವೆಯಿಂದ ಫ್ಯಾನ್ ಮತ್ತು ವೈರು ದೂರ ಇರಲಿ.

ಸ್ಪೀಡ್ ಎಷ್ಟಿರಬೇಕು? ಎಲ್ಲಕ್ಕಿಂತ ಕಡಿಮೆ. ನಾನು ನೋಡುವುದು ಊದುಬತ್ತಿಯಿಂದ. ಹಚ್ಚಿ, ಕೂತು, ಮರಿಯ ಎತ್ತರಕ್ಕೆ ಹಿಡಿಯುತ್ತೇನೆ. ಹೊಗೆಯ ಎಳೆ ಮೇಲೇರುತ್ತಾ ಸ್ವಲ್ಪ ವಾಲಿದರೆ ಸರಿ. ಅಡ್ಡ ಮಲಗಿತೋ, ಸ್ಪೀಡ್ ಜಾಸ್ತಿ ಆಯ್ತು ಅಂತಲೇ. ಪರದೆಯ ಹತ್ತಿರ ಒಮ್ಮೆ ಹಿಡಿದು ನೋಡಲೇಬೇಕು, ಗಾಳಿ ಇಳಿಯುವುದು ಅಲ್ಲೇ. ಅದಕ್ಕೇ ಮರಿಗಳ ಸುತ್ತ ಬೇಲಿಯಂತೆ ನಿಲ್ಲಿಸಿದ ತಗಡನ್ನು ಪರದೆಯಿಂದ ನಾಲ್ಕು ಅಡಿ ಒಳಕ್ಕೆ ಸರಿಸಿದ್ದೇನೆ. ಆಮೇಲೆ ಮರಿಗಳೇ ಹೇಳುತ್ತವೆ. ಎಲ್ಲ ಕಡೆ ಹರಡಿ ಮಲಗಿದರೆ ಹಿತವಾಗಿದೆ. ಬುಖಾರಿಗೆ ಅಂಟಿಕೊಂಡರೆ ಚಳಿ, ದೂರ ಹೋಗಿ ಬಾಯಿ ತೆರೆದರೆ ಸೆಕೆ, ಎಲ್ಲವೂ ಒಂದೇ ಮೂಲೆಗೆ ಸೇರಿದರೆ ಎಲ್ಲಿಂದಲೋ ಗಾಳಿ ನುಗ್ಗುತ್ತಿದೆ.

ಅದೇ ಬೆಂಕಿಗೆ ಈಗ ಕೆಳಗೆ 30 ಸಿಗುತ್ತಿದೆ, ತಗಡಿನ ಹತ್ತಿರ 33. ಉಳಿದ ಎರಡು ಡಿಗ್ರಿಗೆ ಬುಖಾರಿಯ ಬಾಗಿಲು ಸ್ವಲ್ಪ ಜಾಸ್ತಿ ತೆರೆದರಾಯಿತು. ಮೊದಲು ರಾತ್ರಿ ಪೂರ್ತಿ ಕಟ್ಟಿಗೆ ಹಾಕುತ್ತಾ ಕೂತಿರಬೇಕಿತ್ತು, ಈಗ ನಡುವೆ ಒಂದು ಜೋಂಪು ನಿದ್ದೆ ಆಗುತ್ತದೆ.

ಒಂದು ವಿಷಯ ತಪ್ಪು ತಿಳಿಯಬೇಡಿ. ಫ್ಯಾನ್ ಕಾವು ಹುಟ್ಟಿಸುವುದಿಲ್ಲ, ಹೊಸ ಗಾಳಿಯನ್ನೂ ತರುವುದಿಲ್ಲ. ನನ್ನ ಫ್ಯಾನಿನ ಸುದ್ದಿ ಕೇಳಿ ಪಕ್ಕದ ಊರಿನವರೊಬ್ಬರು ಮನೆಯ ಹಾಲಿಗೂ ಉಲ್ಟಾ ಫ್ಯಾನ್ ಹಾಕಿಸುತ್ತೇನೆ ಅಂದರು. ಹೀಟರೇ ಇಲ್ಲದ ಮನೆಯಲ್ಲಿ ಮೇಲಿಂದ ಇಳಿಸುವುದಕ್ಕೆ ಏನಿದೆ? ಇನ್ನು ಹೊಸ ಗಾಳಿ ಬರಲು ಶೆಡ್ಡಿನ ಪರದೆಯ ಮೇಲ್ತುದಿ ಒಂದು ಗೇಣು ತೆರೆದೇ ಇರಬೇಕು. ಕಟ್ಟಿಗೆ, ಇದ್ದಿಲು ಸರಿಯಾಗಿ ಉರಿಯದಿದ್ದರೆ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ, ವಾಸನೆ ಇರುವುದಿಲ್ಲ, ಮರಿಯ ಜೊತೆ ಕಾವಲಿಗೆ ಮಲಗಿದವರನ್ನೂ ಕೊಲ್ಲುತ್ತದೆ. ಗ್ಯಾಸ್ ಬ್ರೂಡರ್ (ಮರಿಗೆ ಕಾವು ಕೊಡುವ ಗ್ಯಾಸಿನ ಒಲೆ) ಇಟ್ಟವರು ಇನ್ನೊಂದು ಲೆಕ್ಕ ನೆನಪಿಡಿ: ಒಂದು ಕಿಲೋ ಗ್ಯಾಸ್ ಉರಿದರೆ ಒಂದೂವರೆ ಕಿಲೋಗಿಂತ ಹೆಚ್ಚು ನೀರು ಆವಿಯಾಗಿ ಶೆಡ್ಡಿಗೆ ಸೇರುತ್ತದೆ. ಬೆಳಗ್ಗೆ ತಗಡಿನಿಂದ ಹೊಟ್ಟಿನ ಮೇಲೆ ತೊಟ್ಟಿಕ್ಕುವುದು ಹೆಚ್ಚಾಗಿ ಅದೇ.

ಕರೆಂಟ್ ಹೋದರೆ ಬಿಎಲ್‌ಡಿಸಿ ಫ್ಯಾನನ್ನು ಚಿಕ್ಕ ಇನ್ವರ್ಟರ್ ಎಳೆಯುತ್ತದೆ. ಮರಿ ತಂಡ ಬದಲಾಗುವಾಗ ರೆಕ್ಕೆ ಒರೆಸಿ. ಹೊಟ್ಟಿನ ಧೂಳು ದಪ್ಪಗೆ ಕೂತು ಒಂದು ಕಡೆ ತೂಕ ಹೆಚ್ಚಾದರೆ ಫ್ಯಾನ್ ಅಲುಗಾಡುತ್ತದೆ, ರಾಡಿನ ನಟ್ಟು ಸಡಿಲಾಗುತ್ತದೆ.