ಮಳೆ ಬಂದಾಗ ಕೈಕೊಡುತ್ತಿದ್ದ ಲೀಸ್ಡ್ ಲೈನ್

ಮೋಡೆಮ್ ಲಿಂಕ್ ಕೆಟ್ಟರೆ ಮೊದಲು ಏಳುವುದು ‘ತಪ್ಪು ಯಾರ ಕಡೆ’ ಎಂಬ ಜಗಳ. ರೂಟರ್‌ನವರು ಲೈನ್ ಸರಿಯಿಲ್ಲ ಅನ್ನುತ್ತಾರೆ. ಲೈನ್‌ನವರು ಮೋಡೆಮ್ ಬದಲಿಸಿ ಅನ್ನುತ್ತಾರೆ. ಮೋಡೆಮ್ ಕೊಟ್ಟವರು ‘ದೀಪ ಹಸಿರಾಗೇ ಇದೆಯಲ್ಲ’ ಎಂದು ಫೋನ್ ಇಡುತ್ತಾರೆ. ಅಷ್ಟು ಹೊತ್ತೂ ಪಾಸ್‌ಬುಕ್ ಹಿಡಿದ ಜನ ಕೌಂಟರ್ ಮುಂದೆ ನಿಂತೇ ಇರುತ್ತಾರೆ. ಮಲೆನಾಡಿನ ಒಂದು ಸಹಕಾರಿ ಸಂಘದ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದ ನನಗೆ ಈ ಜಗಳ ಹೊಸದಲ್ಲ. ಅದನ್ನು ಮುಗಿಸುವುದಕ್ಕೆ ಲೂಪ್ ಟೆಸ್ಟ್‌ಗಿಂತ, ಅಂದರೆ ಕಳಿಸಿದ ಡೇಟಾವನ್ನು ದಾರಿಯ ಒಂದು ಹಂತದಿಂದ ವಾಪಸ್ ತಿರುಗಿಸಿ ನೋಡುವ ಪರೀಕ್ಷೆಗಿಂತ, ಒಳ್ಳೆಯ ದಾರಿ ನನಗೆ ಕಂಡಿಲ್ಲ. ಇಲ್ಲಿ ಬರೆಯುತ್ತಿರುವುದು ಅಂಥ ಒಂದು ಲಿಂಕಿನ ಕತೆ.

ಶಾಖೆ ಮತ್ತು ಹೆಡ್ ಆಫೀಸ್ ಒಂದೇ ಊರಿನಲ್ಲಿದ್ದವು. ನಡುವೆ ಇದ್ದದ್ದು ಲೀಸ್ಡ್ ಲೈನ್, ಅಂದರೆ ಬಾಡಿಗೆಗೆ ಪಡೆದ, ನಮಗಷ್ಟೇ ಮೀಸಲಾದ ಟೆಲಿಫೋನ್ ತಂತಿ. ಎರಡು ಕಡೆಯ ತಾಮ್ರದ ಜೋಡಿಗಳನ್ನು ಟೆಲಿಫೋನ್ ಎಕ್ಸ್‌ಚೇಂಜಿನ ಎಂಡಿಎಫ್‌ನಲ್ಲಿ (ಊರಿನ ತಂತಿಗಳೆಲ್ಲ ಬಂದು ಸೇರುವ ಚೌಕಟ್ಟು) ಜಂಪರ್ ತಂತಿ ಹಾಕಿ ಸೇರಿಸಿದ್ದರು. ಒಟ್ಟು ಸುಮಾರು 3 ಕಿ.ಮೀ. ತಂತಿ, ಎರಡು ತುದಿಯಲ್ಲೂ ಜಿ.ಎಸ್‌ಎಚ್‌ಡಿಎಸ್‌ಎಲ್ (ತಾಮ್ರದ ಜೋಡಿಯಲ್ಲಿ ಎರಡು ಕಡೆಗೂ ಒಂದೇ ವೇಗ ಕೊಡುವ ಡಿಎಸ್‌ಎಲ್ ಬಗೆ) ಮೋಡೆಮ್, ವೇಗ 512 ಕೆಬಿಪಿಎಸ್. ಬಿಸಿಲಿದ್ದಾಗ ಯಾವ ದೂರೂ ಇರಲಿಲ್ಲ. ಮಳೆ ಹಿಡಿದು ಒಂದು ಗಂಟೆಯಾದರೆ ಸಾಕು, ಸ್ಕ್ರೀನ್ ಅಲ್ಲಲ್ಲೇ ನಿಂತುಬಿಡುತ್ತಿತ್ತು. ಎರಡು ಮೋಡೆಮ್ ಕೂಡಿಕೊಂಡಿವೆ ಎಂದು ತೋರಿಸುವ ಸಿಂಕ್ ದೀಪ ಮಾತ್ರ ಹಸಿರಾಗೇ ಇರುತ್ತಿತ್ತು.

ನಾನು ಮೊದಲು ನೋಡಿದ್ದು ಪಿಂಗ್, ಅಂದರೆ ಆ ಕಡೆಗೆ ಪ್ಯಾಕೆಟ್ ಕಳಿಸಿ ಉತ್ತರ ಬರುತ್ತದೆಯೇ ಎಂದು ನೋಡುವುದು. 64 ಬೈಟ್‌ನ ಪಿಂಗ್ ಹೆಚ್ಚುಕಡಿಮೆ ಎಲ್ಲವೂ ಹೋಗಿಬರುತ್ತಿತ್ತು, 1500 ಬೈಟ್‌ನದ್ದು ಅಲ್ಲಲ್ಲಿ ಬಿದ್ದುಹೋಗುತ್ತಿತ್ತು. ಇದಕ್ಕೆ ಕಾರಣ ಸರಳ ಲೆಕ್ಕ. ಲಕ್ಷ ಬಿಟ್‌ಗೆ ಒಂದು ಬಿಟ್ ಕೆಡುತ್ತದೆ ಅಂದುಕೊಳ್ಳಿ. 1500 ಬೈಟ್ ಅಂದರೆ 12,000 ಬಿಟ್. ಅಲ್ಲಿಗೆ ನೂರು ಪ್ಯಾಕೆಟ್‌ನಲ್ಲಿ ಸುಮಾರು 11 ಹಾಳಾಗುತ್ತವೆ. 64 ಬೈಟ್‌ನದ್ದಾದರೆ ಇನ್ನೂರಕ್ಕೆ ಒಂದು ಮಾತ್ರ. ಹಾಗಾಗಿ ‘ಪಿಂಗ್ ಹೋಗ್ತಿದೆ, ಲಿಂಕ್ ಸರಿ ಇದೆ’ ಎಂದು ಯಾರಾದರೂ ಹೇಳಿದರೆ ನಾನು ಕೇಳುವ ಮೊದಲ ಪ್ರಶ್ನೆ, ಎಷ್ಟು ಬೈಟ್‌ನ ಪಿಂಗ್? ರೂಟರ್‌ನ ಸೀರಿಯಲ್ ಇಂಟರ್‌ಫೇಸಿನಲ್ಲಿ (ಮೋಡೆಮ್ ಸೇರುವ ಪೋರ್ಟ್) ಎರರ್ ಎಣಿಕೆ ಸೊನ್ನೆ ಮಾಡಿ ಕಾದೆ. ಸಿಆರ್‌ಸಿ ಎರರ್, ಅಂದರೆ ಕೆಟ್ಟು ಬಂದ ಪ್ಯಾಕೆಟ್‌ಗಳ ಲೆಕ್ಕ, ಮಳೆಯ ಜೊತೆಗೇ ಏರುತ್ತಿತ್ತು.

ಎರರ್ ಬರುವ ಹೊತ್ತನ್ನು ಗಮನಿಸುವುದು ಬಹಳ ಮುಖ್ಯ. ಬಿಸಿಲು ಮಳೆಗೆ ಸಂಬಂಧವೇ ಇಲ್ಲದೆ, ಒಂದೇ ಅಂತರದಲ್ಲಿ ಎರರ್ ಬರುತ್ತಿದ್ದರೆ ತಂತಿಯ ಬದಲು ಮೊದಲು ಕ್ಲಾಕ್ (ಬಿಟ್‌ಗಳು ಹೋಗುವ ತಾಳ) ಸೆಟ್ಟಿಂಗ್ ನೋಡಬೇಕು. ಒಂದು ಮೋಡೆಮ್ ಕ್ಲಾಕ್ ಕೊಡಬೇಕು, ಇನ್ನೊಂದು ಅದನ್ನು ಲೈನ್‌ನಿಂದ ತೆಗೆದುಕೊಳ್ಳಬೇಕು. ಎರಡೂ ತಮ್ಮದೇ ಕ್ಲಾಕ್ ಹಿಡಿದರೆ ಆಗಾಗ ತಾಳ ತಪ್ಪಿ ಬಿಟ್ ಬಿಟ್ಟುಹೋಗುವ ಸ್ಲಿಪ್ ಆಗುತ್ತದೆ. ಇಲ್ಲಿ ಆ ಲಕ್ಷಣ ಇರಲಿಲ್ಲ.

ಆಮೇಲೆ ಲೂಪ್. ಲೋಕಲ್ ಲೂಪ್ ಹಾಕಿದರೆ ರೂಟರ್ ಕಳಿಸಿದ ಡೇಟಾ ಪಕ್ಕದ ಮೋಡೆಮ್‌ನಿಂದಲೇ ವಾಪಸ್ ಬರುತ್ತದೆ. ಇದಕ್ಕೆ ಮುಂಚೆ ರೂಟರ್‌ನಲ್ಲಿ ಪಿಪಿಪಿ ಎಂಬ ಲಿಂಕ್ ಪ್ರೋಟೋಕಾಲ್ ತೆಗೆದು ಎಚ್‌ಡಿಎಲ್‌ಸಿ ಎಂಬುದನ್ನು ಹಾಕಿಕೊಳ್ಳಬೇಕು. ಪಿಪಿಪಿ ತನ್ನದೇ ಮ್ಯಾಜಿಕ್ ನಂಬರ್ (ತನ್ನ ಗುರುತಿಗೆ ಕಳಿಸುವ ಅಂಕಿ) ತಿರುಗಿ ಬಂದದ್ದು ಕಂಡು ಲಿಂಕ್ ಮೇಲೇಳಲು ಬಿಡುವುದಿಲ್ಲ. ಎರಡೂ ತುದಿಯಲ್ಲಿ ಲೋಕಲ್ ಲೂಪ್ ಶುದ್ಧವಾಗಿ ಬಂತು. ಅಲ್ಲಿಗೆ ರೂಟರ್, ಅದನ್ನು ಮೋಡೆಮ್‌ಗೆ ಸೇರಿಸುವ ವಿ.35 ಕೇಬಲ್, ಮೋಡೆಮ್‌ನ ಪೋರ್ಟ್ ಮೂರೂ ಪಟ್ಟಿಯಿಂದ ಹೊರಗೆ. ಶಾಖೆಯಿಂದ ರಿಮೋಟ್ ಲೂಪ್ ಹಾಕಿದಾಗ, ಅಂದರೆ ಡೇಟಾ ಹೆಡ್ ಆಫೀಸಿನ ಮೋಡೆಮ್ ಮುಟ್ಟಿ ಬರುವಾಗ, ಎರರ್ ಸುರಿಯಿತು. ಇನ್ನು ಉಳಿದದ್ದು ತಂತಿ, ಇಲ್ಲವೇ ಮೋಡೆಮ್‌ಗಳ ಲೈನ್ ಭಾಗ. ಎರಡೂ ಮೋಡೆಮ್ ಒಂದೇ ಮೇಜಿನ ಮೇಲಿಟ್ಟು, ಗೇಣುದ್ದದ ಜಂಪರ್ ವೈರ್‌ನಲ್ಲಿ ಸೇರಿಸಿ ಬಿಇಆರ್‌ಟಿ, ಅಂದರೆ ಬಿಟ್ ತಪ್ಪು ಎಣಿಸುವ ಪರೀಕ್ಷೆ, ಓಡಿಸಿದೆ. ಒಂದು ಮೋಡೆಮ್ 511 ಬಿಟ್‌ನ ಗೊತ್ತಿರುವ ಮಾದರಿಯನ್ನು ಮತ್ತೆ ಮತ್ತೆ ಕಳಿಸುತ್ತದೆ, ಇನ್ನೊಂದು ತಾಳೆ ನೋಡಿ ತಪ್ಪು ಎಣಿಸುತ್ತದೆ. 512 ಕೆಬಿಪಿಎಸ್‌ನಲ್ಲಿ ಕಾಲು ಗಂಟೆಗೆ 46 ಕೋಟಿ ಬಿಟ್ ಹಾದುಹೋಗುತ್ತವೆ. ಅಷ್ಟರಲ್ಲಿ ಒಂದೂ ತಪ್ಪಿಲ್ಲ. ಮೋಡೆಮ್ ಬದಲಿಸುವ ಮಾತು ಅಲ್ಲಿಗೆ ಮುಗಿಯಿತು.

ಲೈನ್‌ಮನ್ ಹೇಳಿದ್ದು, ‘ಸರ್, ಡಯಲ್ ಟೋನ್ ಹಾಕಿ ನೋಡಿದೆ, ಮಾತು ಸ್ವಚ್ಛ ಕೇಳ್ತದೆ.’ ಅವರು ಹೇಳಿದ್ದು ನಿಜವೇ. ಮಾತಿಗೆ 3,400 ಹರ್ಟ್ಜ್‌ವರೆಗೆ ಸರಿಯಿದ್ದರೆ ಸಾಕು. ಈ ವೇಗದಲ್ಲಿ ನಮ್ಮ ಮೋಡೆಮ್ ಬಳಸುವ ಆವರ್ತನಗಳ ವ್ಯಾಪ್ತಿ 80 ಕಿಲೋಹರ್ಟ್ಜ್ ದಾಟುತ್ತದೆ. ಕಿವಿಗೆ ಕೇಳಿಸದ ದೋಷ ಅಲ್ಲಿ ಕೂತಿರಬಹುದು. ಆದ್ದರಿಂದ ಮೀಟರ್ ಹಿಡಿದು ಅಳೆಯೋಣ ಎಂದೆ, ಅವರೂ ಒಪ್ಪಿದರು.

ಎರಡೂ ತುದಿಯ ಮೋಡೆಮ್ ಬಿಚ್ಚಿ ಮೊದಲು ವೋಲ್ಟೇಜ್ ನೋಡಿದೆವು. ಲೀಸ್ಡ್ ಜೋಡಿಯಲ್ಲಿ ಬ್ಯಾಟರಿ (ಫೋನ್‌ಗೆ ಎಕ್ಸ್‌ಚೇಂಜ್ ಕೊಡುವ ವೋಲ್ಟೇಜ್) ಇರಬಾರದು. ಇದ್ದರೆ ಬೇರೆ ಯಾರದೋ ಫೋನ್ ಜೋಡಿ ನಮ್ಮದಕ್ಕೆ ತಾಗಿದೆ ಎಂದರ್ಥ. ಇರಲಿಲ್ಲ. ಹೆಡ್ ಆಫೀಸಿನಲ್ಲಿ ಜೋಡಿಯನ್ನು ಶಾರ್ಟ್ ಮಾಡಿಸಿ ಲೂಪ್ ರೆಸಿಸ್ಟೆನ್ಸ್, ಅಂದರೆ ಹೋಗಿಬರುವ ಎರಡೂ ತಂತಿಯ ಒಟ್ಟು ರೋಧ, ಅಳೆದೆವು. 0.5 ಎಂಎಂ ತಾಮ್ರಕ್ಕೆ ಕಿ.ಮೀ.ಗೆ ಸುಮಾರು 175 ಓಮ್, ಹಾಗಾಗಿ 525ರ ಆಸುಪಾಸು ಬರಬೇಕಿತ್ತು. ಬಂದದ್ದು 700ರ ಹತ್ತಿರ, ಅದೂ ನಿಲ್ಲದೆ ಓಲಾಡುತ್ತಿತ್ತು. ಉದ್ದ ಹೆಚ್ಚಿದ್ದರೆ ಅಂಕಿ ಹೆಚ್ಚಿರುತ್ತದೆ, ಆದರೆ ಸ್ಥಿರವಾಗಿರುತ್ತದೆ. ಓಲಾಡಿದರೆ ಎಲ್ಲೋ ಜಾಯಿಂಟ್ ಕೆಟ್ಟಿದೆ. ಶಾರ್ಟ್ ಬಿಡಿಸಿ, ಎಂಡಿಎಫ್‌ನಲ್ಲಿ ಜಂಪರ್ ಎತ್ತಿ, ಪ್ರೊಟೆಕ್ಟರ್ ತೆಗೆದು ಎರಡು ಕಡೆಗೂ ಇನ್ಸುಲೇಷನ್ ಟೆಸ್ಟರ್ ಹಿಡಿದೆವು. ಹೆಡ್ ಆಫೀಸ್ ಕಡೆ ಮೆಗಾ ಓಮ್‌ಗಳಲ್ಲಿ ಬಂತು. ಶಾಖೆ ಕಡೆ ಒಂದು ತಂತಿ ಭೂಮಿಗೆ 80 ಕಿಲೋ ಓಮ್ ಮಾತ್ರ. ಒಂದೇ ತಂತಿ ಹೀಗೆ ಸೋರಿದರೆ ಜೋಡಿಯ ಸಮತೋಲನ ಹೋಗುತ್ತದೆ. ಎರಡು ತಂತಿಗೂ ಸಮನಾಗಿ ಬಂದು ಒಂದನ್ನೊಂದು ಕಳೆಯಬೇಕಾದ ಗದ್ದಲ ಕಳೆಯದೆ ಉಳಿದು ಸಿಗ್ನಲ್‌ಗೆ ಸೇರಿಕೊಳ್ಳುತ್ತದೆ.

ಶಾಖೆಯ ಎದುರಿನ ಕಂಬದ ಡಿಪಿ ಬಾಕ್ಸ್ (ಕೇಬಲ್‌ನಿಂದ ಮನೆಗಳಿಗೆ ತಂತಿ ಒಡೆಯುವ ಪೆಟ್ಟಿಗೆ) ತೆರೆದಾಗ ಎಲ್ಲ ಕಣ್ಣೆದುರಿಗೇ ಇತ್ತು. ಮುಚ್ಚಳದ ರಬ್ಬರ್ ಹರಿದು ಹೋಗಿತ್ತು. ಒಳಗೆ ಇರುವೆ ಗೂಡಿನ ಒದ್ದೆ ಮಣ್ಣು. ನಮ್ಮ ಟರ್ಮಿನಲ್‌ನ ಒಂದು ಸ್ಕ್ರೂ ಹಸಿರು ಕಿಲುಬಿನಲ್ಲಿ ಮುಳುಗಿ, ತಿರುಗಿಸಲು ಹೋದರೆ ತಂತಿಯೇ ಮುರಿದು ಕೈಗೆ ಬಂತು. ಸ್ವಲ್ಪ ಕೆಳಗೆ, ಕಂಬದಿಂದ ಕಟ್ಟಡಕ್ಕೆ ಬರುವ ಡ್ರಾಪ್ ವೈರನ್ನು ಕೈಯಲ್ಲೇ ಹುರಿಹಾಕಿ ಟೇಪ್ ಸುತ್ತಿದ ಜಾಯಿಂಟ್. ಇನ್ನೂ ಒಂದು ವಿಷಯ: ನಮ್ಮದೇ ಜೋಡಿಯಿಂದ ಹಳೆಯ ಫೋನಿನ ಡ್ರಾಪ್ ವೈರ್ ಒಂದು ಪಕ್ಕದ ಮನೆಗೆ ಹೋಗಿ ಅಲ್ಲೇ ತೂಗುತ್ತಿತ್ತು. ಇಂಥ ಬ್ರಿಡ್ಜ್ ಟ್ಯಾಪ್ (ಜೋಡಿಗೆ ಅಂಟಿದ ಬಳಕೆಯಿಲ್ಲದ ಕವಲು) ಫೋನಿಗೆ ತೊಂದರೆ ಕೊಡುವುದಿಲ್ಲ. ಡಿಎಸ್‌ಎಲ್ ಸಿಗ್ನಲ್ ಮಾತ್ರ ಅದರ ತುದಿಗೆ ಹೋಗಿ ಹೊಡೆದು ಪ್ರತಿಫಲಿಸಿ ಬರುತ್ತದೆ.

ಲೈನ್‌ಮನ್ ಮಳೆಯಲ್ಲೇ ಏಣಿಯ ಮೇಲೆ ನಿಂತು ಕೆಲಸ ಮುಗಿಸಿದರು. ಹೊಳೆಯುವ ತಾಮ್ರ ಕಾಣುವ ತನಕ ತಂತಿ ಕತ್ತರಿಸಿದರು, ಜೆಲ್ಲಿ ತುಂಬಿದ ಕನೆಕ್ಟರ್ ಹಾಕಿದರು, ಟರ್ಮಿನಲ್ ಬದಲಿಸಿದರು, ಹಳೆಯ ಡ್ರಾಪ್ ವೈರ್ ಬಿಚ್ಚಿ ಎಸೆದರು. ಲೂಪ್ 530ಕ್ಕೆ ಬಂದು ನಿಂತಿತು. 4 ಡೆಸಿಬೆಲ್‌ಗೆ ಇಳಿದಿದ್ದ ಎಸ್‌ಎನ್‌ಆರ್ ಮಾರ್ಜಿನ್, ಅಂದರೆ ಗದ್ದಲ ತಡೆಯಲು ಸಿಗ್ನಲ್‌ಗೆ ಉಳಿದಿರುವ ಮೀಸಲು, 13ಕ್ಕೆ ಏರಿತು. 6ಕ್ಕಿಂತ ಕೆಳಗಿದ್ದರೆ ನಾನು ಯಾವ ಲಿಂಕನ್ನೂ ನೆಚ್ಚುವುದಿಲ್ಲ. ರಾತ್ರಿಯಿಡೀ ಮಳೆ ಸುರಿಯಿತು, ಬಿಇಆರ್‌ಟಿ ಓಡುತ್ತಲೇ ಇತ್ತು, ಬೆಳಿಗ್ಗೆ ನೋಡಿದರೆ ಎರರ್ ಸೊನ್ನೆ.

ಅಂದಿನಿಂದ ಪ್ರತಿ ಲಿಂಕಿನ ಲೂಪ್ ರೆಸಿಸ್ಟೆನ್ಸ್, ಇನ್ಸುಲೇಷನ್, ಎಸ್‌ಎನ್‌ಆರ್, ಅಟೆನ್ಯುಯೇಷನ್ (ದಾರಿಯಲ್ಲಿ ಸಿಗ್ನಲ್ ಕುಗ್ಗುವ ಪ್ರಮಾಣ) ಎಲ್ಲವನ್ನೂ ಬೇಸಿಗೆಯಲ್ಲಿ, ಲೈನ್ ಒಣಗಿದ್ದಾಗ ಅಳೆದು ರ‍್ಯಾಕಿನ ಬಾಗಿಲ ಒಳಗೆ ಅಂಟಿಸಿಡುತ್ತೇನೆ. ದೂರು ಕೊಡುವಾಗ ‘ಲೈನ್ ಸರಿಯಿಲ್ಲ’ ಅನ್ನುವುದಿಲ್ಲ. ‘ಎಂಡಿಎಫ್‌ನಿಂದ ಶಾಖೆ ಕಡೆ, ಜೋಡಿಯ ಬಿ ತಂತಿ, ಭೂಮಿಗೆ ಇಷ್ಟು ಓಮ್, ಬೇಸಿಗೆಯಲ್ಲಿ ಇಷ್ಟಿತ್ತು’ ಅನ್ನುತ್ತೇನೆ. ಆಗ ಯಾವ ಕಡೆಗೆ ಏಣಿ ಒಯ್ಯಬೇಕೆಂದು ಅವರು ಇನ್ನೊಮ್ಮೆ ಕೇಳುವುದಿಲ್ಲ.